ಆ ಹಳದಿ ನಿಮ್ಮ ಕಣ್ಣಿಗೆ ಬೀಳಲಿ

ಕಬಡ್ಡಿ ಅಂಕಣದಲ್ಲಿ ಬಿದ್ದು ಮೊಣಕಾಲು ಕಂದಿದ ಅನುಭವ ನಿಮಗೆಲ್ಲ ಇರಬೇಕು. ಮೊದಲ ದಿನ ಕೆಂಪು, ಮರುದಿನ ನೀಲಿಗಪ್ಪು, ನಾಲ್ಕೈದು ದಿನಕ್ಕೆ ಅಂಚಿನಲ್ಲಿ ಹಸಿರು, ಆಮೇಲೆ ಹಳದಿ, ಕೊನೆಗೆ ಗುರುತೇ ಇಲ್ಲ. ಅಜ್ಜಿ ಅರಿಶಿನ ಹಚ್ಚದಿದ್ದರೂ ಬರುವ ಹಳದಿ ಅದು. ಚರ್ಮದಡಿ ಚೆಲ್ಲಿದ ಕೆಂಪು ರಕ್ತಕಣಗಳನ್ನು ದೇಹ ಬಿಚ್ಚುತ್ತದೆ. ಹಿಮೋಗ್ಲೋಬಿನ್ನಿನ ಕಬ್ಬಿಣವನ್ನು ಮುಂದಿನ ಬಳಕೆಗೆ ಎತ್ತಿಟ್ಟುಕೊಂಡು, ಬಣ್ಣದ ಭಾಗವನ್ನು ಮೊದಲು ಬಿಲಿವರ್ಡಿನ್ ಎಂಬ ಹಸಿರಾಗಿಸಿ, ಅದನ್ನು ಬಿಲಿರುಬಿನ್ ಎಂಬ ಹಳದಿಯಾಗಿಸುತ್ತದೆ. ಒಂದಿಡೀ ರಸಾಯನಶಾಸ್ತ್ರದ ಪ್ರಯೋಗ ನಿಮ್ಮ ಮೊಣಕಾಲಿನ ಮೇಲೆ ನಡೆದು ಮುಗಿದಿರುತ್ತದೆ, ನಿಮ್ಮ ಗಮನ ಮಾತ್ರ ಸ್ಕೋರಿನ ಮೇಲಿರುತ್ತದೆ.

ಸ್ವಲ್ಪ ಇತ್ತ ಗಮನ ಕೊಡಿ ಎಂದು ಕೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದೇ ಹಳದಿ, ಹುಟ್ಟಿ ನಾಲ್ಕು ದಿನವಾದ ಕೂಸಿನ ಮಿದುಳಿಗೆ ಇಳಿದರೆ ಅಲ್ಲಿನ ನರಕೋಶಗಳನ್ನು ಕೊಲ್ಲುತ್ತದೆ. ಕದ್ದು ಬಂದು ಕೊಲ್ಲುವುದೂ ಇಲ್ಲ. ಹಣೆಯಿಂದ ಶುರುವಾಗಿ ಎದೆ, ಹೊಟ್ಟೆ, ಕಾಲು ಎಂದು ಇಳಿಯುತ್ತ, ಬರುತ್ತಿದ್ದೇನೆ ಎಂದು ಮೈಮೇಲೆಲ್ಲ ಬರೆದು ತೋರಿಸಿಯೇ ಬರುತ್ತದೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅನ್ನುತ್ತೇವೆ. ಇಲ್ಲಿ ಆಗುವುದು ತದ್ವಿರುದ್ಧ: ಕಾಮಾಲೆ ಕೂಸಿನದು, ಹಳದಿ ಕಾಣದೆ ಹೋಗುವುದು ಆರೋಗ್ಯವಾಗಿರುವ ನಮ್ಮ ಕಣ್ಣಿಗೆ.

ಇದರಲ್ಲಿ ನಿಮ್ಮ ಪಾಲೇನು? ನವಜಾತ ಶಿಶುವಿನ ಬಿಲಿರುಬಿನ್ ಏರಿ ತುದಿ ಮುಟ್ಟುವುದು ಮೂರರಿಂದ ಐದನೇ ದಿನದ ನಡುವೆ. ಸಹಜ ಹೆರಿಗೆಯಾದ ತಾಯಿ ಅಷ್ಟು ಹೊತ್ತಿಗೆ ಆಸ್ಪತ್ರೆ ಬಿಟ್ಟಿರುತ್ತಾಳೆ. ನಮ್ಮಲ್ಲಿ ಚೊಚ್ಚಲ ಬಾಣಂತನ ತವರುಮನೆಯದು. ಆ ಮನೆಯಲ್ಲಿ ಪಿಯುಸಿ ಓದುವ ತಮ್ಮನೋ ಡಿಪ್ಲೊಮಾ ಮುಗಿಸಿದ ತಂಗಿಯೋ ಇದ್ದೇ ಇರುತ್ತಾರೆ. ಸೋದರಮಾವನೆಂದರೆ ಚೌಲದ ದಿನ, ಕಿವಿ ಚುಚ್ಚುವ ದಿನ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವನು ಎಂದಷ್ಟೇ ತಿಳಿದಿದ್ದೇವೆ. ಅವನ ಕೆಲಸ ನಾಲ್ಕನೇ ದಿನವೇ ಶುರುವಾಗುತ್ತದೆ ಎನ್ನುವುದು ನನ್ನ ವಾದ.

ಆ ಕೆಲಸಕ್ಕೆ ಇಳಿಯುವ ಮೊದಲು ಒಳಗೆ ಏನಾಗುತ್ತದೆ ತಿಳಿದುಕೊಳ್ಳಿ. ಕಾರಣ ಗೊತ್ತಿದ್ದವನ ಮಾತಿಗೆ ಮನೆಯಲ್ಲಿ ತೂಕ ಹೆಚ್ಚು.

ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 60, ಅವಧಿಗೆ ಮುಂಚೆ ಹುಟ್ಟಿದವರಲ್ಲಿ ಸುಮಾರು 80 ಕೂಸುಗಳು ಮೊದಲ ವಾರದಲ್ಲಿ ಹಳದಿಯಾಗುತ್ತವೆ. ಹೆಚ್ಚಿನವಕ್ಕೆ ಏನೂ ಆಗುವುದಿಲ್ಲ. ಹಿತಮಿತವಾಗಿದ್ದರೆ ಬಿಲಿರುಬಿನ್ ಒಳ್ಳೆಯದನ್ನೂ ಮಾಡುತ್ತದೆ. ಅದು ಜೀವಕೋಶಗಳನ್ನು ಸುಡುವ ಆಕ್ಸಿಜನ್ ಕಿಡಿಗಳನ್ನು ಆರಿಸಬಲ್ಲದೆಂದು 1987ರಲ್ಲೇ ರೋಲಂಡ್ ಸ್ಟಾಕರ್ ಮತ್ತು ಸಂಗಡಿಗರು ತೋರಿಸಿದರು. ತೊಂದರೆಯಿರುವುದು ಪ್ರಮಾಣದಲ್ಲಿ. ಒಂದು ಗ್ರಾಂ ಹಿಮೋಗ್ಲೋಬಿನ್ ಒಡೆದರೆ ಸುಮಾರು 35 ಮಿಲಿಗ್ರಾಂ ಬಿಲಿರುಬಿನ್. ಕೂಸಿನ ಮೈಯಲ್ಲಿ ಕೆಂಪು ಕಣಗಳು ದಟ್ಟವಾಗಿರುತ್ತವೆ, ಆಯಸ್ಸೂ ಕಡಿಮೆ: ನಮ್ಮವು 120 ದಿನ ಬಾಳಿದರೆ ಅದರವು 70ರಿಂದ 90. ಹೊಟ್ಟೆಯೊಳಗಿದ್ದಾಗ ಈ ಕಸವನ್ನೆಲ್ಲ ಅಮ್ಮನ ಲಿವರ್ ತೆಗೆದು ಹಾಕುತ್ತಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣದಿಂದ ಆ ಕೆಲಸ ಕೂಸಿನ ಲಿವರಿನ ಹೆಗಲಿಗೆ ಬೀಳುತ್ತದೆ. ಬಿಲಿರುಬಿನ್ನನ್ನು ನೀರಿನಲ್ಲಿ ಕರಗುವಂತೆ ಮಾಡುವ ಕಿಣ್ವ ಅಲ್ಲಿ ದೊಡ್ಡವರಲ್ಲಿರುವುದರ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಚುರುಕಾಗಿರುತ್ತದೆ.

ಈ ಅಣುವಿನ ಆಕಾರವನ್ನು ನೆನಪಿಡಿ, ಇಡೀ ಕಥೆ ಅದರಲ್ಲಿದೆ. ಬಿಲಿರುಬಿನ್ ನಾಲ್ಕು ಉಂಗುರಗಳ ಒಂದು ಸರಪಳಿ. ಮಂಗಳೂರು ಹೆಂಚಿನ ಮನೆಯ ಮಾಡಿನಂತೆ ಎರಡು ಇಳಿಜಾರಾಗಿ ತನ್ನ ಮೇಲೆ ತಾನೇ ಬಾಗಿ, ನೀರಿಗೆ ಒಲಿಯುವ ತುದಿಗಳನ್ನು ಹೈಡ್ರೋಜನ್ ಬಂಧಗಳಿಂದ ಒಳಕ್ಕೆ ಕಟ್ಟಿಕೊಂಡಿರುತ್ತದೆ. ಹಾಗಾಗಿ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಜೀವಕೋಶದ ಹೊರಪೊರೆ ಕೊಬ್ಬಿನದು. ಮಿದುಳಿನಲ್ಲಿ ಅಂಥ ಪೊರೆಗಳೇ ರಾಶಿ ರಾಶಿ.

ರಕ್ತದಲ್ಲಿ ಅದು ಒಂಟಿಯಾಗಿ ಅಲೆಯುವುದಿಲ್ಲ. ಆಲ್ಬುಮಿನ್ ಎಂಬ ಪ್ರೋಟೀನಿನ ಮೇಲೆ ಕೂತು ಸಾಗುತ್ತದೆ. ಆಲ್ಬುಮಿನ್ನನ್ನು ಬಸ್ ಅಂದುಕೊಳ್ಳಿ. ಸೀಟು ಸಿಕ್ಕಿರುವಷ್ಟು ಹೊತ್ತು ಬಿಲಿರುಬಿನ್ ಸಾಧು ಪ್ರಯಾಣಿಕ, ಲಿವರಿನ ಸ್ಟಾಪಿನಲ್ಲಿ ಇಳಿದು ಹೋಗುತ್ತದೆ. ಸೀಟೆಲ್ಲ ಭರ್ತಿಯಾದಾಗ ಹೊರಗೆ ಉಳಿದದ್ದೇ ಅಪಾಯ. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಗೋಡೆಯನ್ನು ದಾಟಿ ಒಳಗೆ ನುಸುಳುವುದು ಆ ಸೀಟಿಲ್ಲದ ಪಾಲು. ಕೂಸಿಗೆ ನಂಜಾಗಿದ್ದರೆ, ಹುಟ್ಟುವಾಗ ಉಸಿರು ಕಟ್ಟಿದ್ದರೆ, ದಿನ ತುಂಬದೆ ಹುಟ್ಟಿದ್ದರೆ ಕಡಿಮೆ ಬಿಲಿರುಬಿನ್ನಿಗೂ ಮಿದುಳು ಬಲಿಯಾಗಬಹುದು.

ಈ ಸೀಟಿನ ವಿಷಯ ವೈದ್ಯಲೋಕಕ್ಕೆ ಗೊತ್ತಾದದ್ದು ದುಬಾರಿ ಬೆಲೆ ತೆತ್ತು. ಅಮೆರಿಕದಲ್ಲಿ ದಿನ ತುಂಬದ ಶಿಶುಗಳಿಗೆ ಸೋಂಕು ತಗುಲದಿರಲೆಂದು ಪೆನಿಸಿಲಿನ್ ಜೊತೆ ಸಲ್ಫಿಸಾಕ್ಸಜೋಲ್ ಎಂಬ ಔಷಧ ಕೊಡುವ ರೂಢಿಯಿತ್ತು. ಎಲ್ಲರೂ ಅದು ನಿರಪಾಯವೆಂದೇ ನಂಬಿದ್ದರು. ವಿಲಿಯಂ ಸಿಲ್ವರ್‌ಮನ್ ಎಂಬ ಮಕ್ಕಳ ವೈದ್ಯರು ಅದನ್ನು ಇನ್ನೊಂದು ಔಷಧದೊಂದಿಗೆ ಹೋಲಿಸಿ ಕ್ರಮಬದ್ಧ ಪರೀಕ್ಷೆ ಮಾಡಿ 1956ರಲ್ಲಿ ಪ್ರಕಟಿಸಿದರು. ಸಲ್ಫಾ ಪಡೆದ ಗುಂಪಿನಲ್ಲೇ ಹೆಚ್ಚು ಕೂಸುಗಳು ಸತ್ತಿದ್ದವು, ಅವುಗಳ ಮಿದುಳು ಹಳದಿಯಾಗಿತ್ತು. ಔಷಧವು ಆಲ್ಬುಮಿನ್ನಿನಲ್ಲಿ ಕೂತಿದ್ದ ಬಿಲಿರುಬಿನ್ನನ್ನು ಎಬ್ಬಿಸಿ ತಾನು ಕೂರುತ್ತದೆಂಬುದು ಆಮೇಲೆ ತಿಳಿಯಿತು. ಒಳ್ಳೆಯ ಮನಸ್ಸಿನಿಂದ, ಎಲ್ಲರೂ ಮಾಡುತ್ತಿದ್ದಾರೆಂದು, ಯಾರೂ ಅಳೆದು ನೋಡದೆ ಕೊಟ್ಟಿದ್ದು. ಮನೆಮದ್ದಿನ ಅಜ್ಜಿಯರನ್ನು ನೋಡಿ ನಗುವ ಮುಂಚೆ ಈ ಕಥೆ ನೆನಪಿರಲಿ. ಅಳೆಯದೆ ನಂಬುವ ಚಾಳಿ ಬಿಳಿ ಕೋಟಿನವರಲ್ಲೂ ಇತ್ತು.

ಮಿದುಳಿನೊಳಗೆ ಬಂದ ಬಿಲಿರುಬಿನ್ ಮೊದಲು ನರಕೋಶದ ಪೊರೆಯಲ್ಲಿ ಸೇರಿಕೊಂಡು ಅದರ ಕಟ್ಟನ್ನು ಸಡಿಲಿಸುತ್ತದೆ. ಅಲ್ಲಿಂದ ಮೈಟೊಕಾಂಡ್ರಿಯಾಕ್ಕೆ, ಅಂದರೆ ಕೋಶದ ಒಲೆಗೆ, ಕೈ ಹಾಕುತ್ತದೆ. ಒಲೆಯ ಒಳಗೂ ಹೊರಗೂ ಇರಬೇಕಾದ ವಿದ್ಯುತ್ ಅಂತರ ಕುಸಿದು ಶಕ್ತಿಯ ಉತ್ಪಾದನೆ ಇಳಿಯುತ್ತದೆ. ಮೈಟೊಕಾಂಡ್ರಿಯಾದ ಸೈಟೊಕ್ರೋಮ್ ಸಿ ಹೊರಕ್ಕೆ ಸೋರುತ್ತದೆ. ಕೋಶಕ್ಕೆ ಅದು ಆತ್ಮಹತ್ಯೆಯ ಆದೇಶವಿದ್ದಂತೆ. ಕ್ಯಾಸ್ಪೇಸ್ ಎಂಬ ಕತ್ತರಿ ಕಿಣ್ವಗಳು ಎಚ್ಚೆತ್ತು ಕೋಶವನ್ನು ಒಳಗಿಂದಲೇ ಕತ್ತರಿಸತೊಡಗುತ್ತವೆ. ಬಿಲಿರುಬಿನ್ ತೀರಾ ಹೆಚ್ಚಿದ್ದರೆ ಇಷ್ಟು ಕ್ರಮಬದ್ಧವಾಗಿ ಸಾಯಲೂ ವ್ಯವಧಾನವಿರುವುದಿಲ್ಲ. ಕೋಶ ಊದಿ ಒಡೆದೇ ಹೋಗುತ್ತದೆ. ಈ ನಡುವೆ ನೆರೆಹೊರೆಯೂ ಕೆಡುತ್ತದೆ. ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸುವ ಗ್ಲುಟಮೇಟ್ ಹೊರಗೆ ಅತಿಯಾಗಿ ಶೇಖರವಾಗುತ್ತದೆ, ಅದನ್ನು ಬಾಚಿಕೊಳ್ಳಬೇಕಾದ ಆಸ್ಟ್ರೋಸೈಟ್ ಕೋಶಗಳ ಕೈಯೂ ಸೋತಿರುತ್ತದೆ. ಕೂಗಿದ್ದನ್ನೇ ಕೂಗುವ ಮೈಕಿನ ಮುಂದೆ ನಿಂತಂತೆ ನರಕೋಶ ಉದ್ರೇಕಗೊಳ್ಳುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಮಿದುಳಿನ ಕಾವಲಿನವರಾದ ಮೈಕ್ರೋಗ್ಲಿಯಾ ಉರಿಯೂತದ ರಾಸಾಯನಿಕಗಳನ್ನು ಉಗುಳಿ ಬೆಂಕಿಗೆ ತುಪ್ಪ ಸುರಿಯುತ್ತವೆ.

ಹಾನಿ ಎಲ್ಲೆಡೆ ಒಂದೇ ಸಮ ಆಗುವುದಿಲ್ಲ. 1875ರಲ್ಲಿ ಜರ್ಮನಿಯ ಯೊಹಾನೆಸ್ ಓರ್ತ್ ಸತ್ತ ಶಿಶುವಿನ ಮಿದುಳನ್ನು ತೆರೆದಾಗ ಹಳದಿ ಬಣ್ಣ ಕೆಲವು ಒಳಗಂಟುಗಳಲ್ಲಿ ಮಾತ್ರ ಗಾಢವಾಗಿ ಹಿಡಿದಿತ್ತು. ಆಮೇಲೆ ಕ್ರಿಸ್ಟಿಯನ್ ಶ್ಮೋರ್ಲ್ ಅದಕ್ಕೆ ಕೆರ್ನಿಕ್ಟೆರಸ್ ಎಂದು ಹೆಸರಿಟ್ಟರು. ಗಂಟುಗಳ ಕಾಮಾಲೆ ಎಂದು ಅರ್ಥ. ಚಲನೆಯನ್ನು ಹದವಾಗಿಡುವ ಗ್ಲೋಬಸ್ ಪ್ಯಾಲಿಡಸ್, ಕೇಳಿಸಿದ್ದನ್ನು ಮುಂದೆ ಸಾಗಿಸುವ ಮಿದುಳುಕಾಂಡದ ಗಂಟುಗಳು, ಕಣ್ಣು ಹೊರಳಿಸುವ ಗಂಟುಗಳು ಏಟು ತಿನ್ನುತ್ತವೆ. ಯೋಚನೆಯ ಮನೆಯಾದ ಮೇಲ್ಪದರ ಬಹುಮಟ್ಟಿಗೆ ಉಳಿಯುತ್ತದೆ. ಇದರ ಅರ್ಥ ಏನೆಂದು ಒಂದು ಗಳಿಗೆ ಕೂತು ಯೋಚಿಸಿ. ಬದುಕುಳಿದ ಮಗುವಿಗೆ ಬುದ್ಧಿ ಎಷ್ಟೋ ಸಲ ನೆಟ್ಟಗಿರುತ್ತದೆ. ಅಮ್ಮ ನಕ್ಕದ್ದು, ಅಪ್ಪ ನಿಟ್ಟುಸಿರು ಬಿಟ್ಟದ್ದು ಎಲ್ಲ ತಿಳಿಯುತ್ತದೆ. ಲೋಟಕ್ಕೆ ಕೈ ಚಾಚಿದರೆ ಮಾತ್ರ ಕೈ ಹಾವಿನಂತೆ ತಿರುಚಿಕೊಂಡು ಇನ್ನೆಲ್ಲಿಗೋ ಹೋಗುತ್ತದೆ. ಕಿವಿಯೊಳಗಿನ ಸೂಕ್ಷ್ಮ ಕೂದಲುಕೋಶಗಳು ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತವೆ, ಆದ್ದರಿಂದ ಕಿವಿಯ ಪ್ರತಿಧ್ವನಿಯನ್ನಷ್ಟೇ ಅಳೆಯುವ ಸರಳ ತಪಾಸಣೆಯಲ್ಲಿ ಮಗು ಪಾಸ್. ಸದ್ದು ಮಿದುಳಿಗೆ ತಲುಪುವ ದಾರಿ ಮಾತ್ರ ಹಾಳು. ಕೇಳುತ್ತದೆ ಎಂದು ಬರೆದುಕೊಟ್ಟ ಚೀಟಿ ಹಿಡಿದು, ಕೇಳಿಸದ ಮಗು ಮನೆಗೆ ಬರುತ್ತದೆ.

ಗಂಟುಗಳ ನಡುವೆ ಯಾಕೆ ಈ ಪಕ್ಷಪಾತ? ಇದೇ ಗಂಟು ಹಳದಿ, ಪಕ್ಕದ್ದು ಬಿಳಿ, ಯಾಕೆ? ಪ್ರಯೋಗಾಲಯಗಳು ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. 1938ರಲ್ಲಿ ಕೆನಡಾದಲ್ಲಿ ಗನ್ ಎಂಬುವರು ಹುಟ್ಟಾ ಹಳದಿಯಾಗಿರುವ ಇಲಿಗಳ ತಳಿಯೊಂದನ್ನು ಕಂಡುಕೊಂಡರು, ಇಂದಿಗೂ ಈ ಪ್ರಶ್ನೆಯ ಬೆನ್ನು ಹತ್ತಿದವರಿಗೆ ಗನ್ ಇಲಿಯೇ ಜೊತೆಗಾರ. ಜಪಾನಿನವರು ಇನ್ನೂ ಮುಂದೆ ಹೋಗಿ, ತಾವು ಊಟಕ್ಕೆ ಬಳಸುವ ಹಾವುಮೀನಿನ ಸ್ನಾಯುವಿನಲ್ಲಿ ಒಂದು ಪ್ರೋಟೀನ್ ಹುಡುಕಿ 2013ರಲ್ಲಿ ಲೋಕಕ್ಕೆ ತಿಳಿಸಿದರು. ಅದು ಬಿಲಿರುಬಿನ್ ಅಂಟಿದಾಗ ಮಾತ್ರ ಹಸಿರಾಗಿ ಹೊಳೆಯುತ್ತದೆ. ಅಂದರೆ ಮೀನೇ ಕೊಟ್ಟ ಅಳತೆಗೋಲು! ಜೀವಶಾಸ್ತ್ರ ಎಂದರೆ ನೀಟ್ ಪರೀಕ್ಷೆಯ ಬಾಯಿಪಾಠ ಎಂದುಕೊಂಡಿರುವವರು ಈ ಹಾವುಮೀನನ್ನು ಒಂದು ಸಲ ಮನಸ್ಸಿನಲ್ಲಿ ಈಜಿಸಿ ನೋಡಿ.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. 1956, ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆ. ಅಲ್ಲಿ ದಿನ ತುಂಬದ ಮಕ್ಕಳ ವಾರ್ಡಿಗೆ ಸಿಸ್ಟರ್ ಜೀನ್ ವಾರ್ಡ್ ಮೇಲ್ವಿಚಾರಕಿ. ಒಳಗಿನ ಬೆಚ್ಚನೆಯ ಗಾಳಿಗಿಂತ ಹೊರಗಿನ ಗಾಳಿ ಬಿಸಿಲು ಕೂಸುಗಳಿಗೆ ಹಿತ ಎಂದು ನಂಬಿದ್ದ ಹೆಂಗಸು. ಬಿಸಿಲಿದ್ದ ದಿನ ತೊಟ್ಟಿಲುಗಳನ್ನು ಅಂಗಳಕ್ಕೆ ತಳ್ಳಿಕೊಂಡು ಹೋಗುತ್ತಿದ್ದಳು. ಒಂದು ದಿನ ವೈದ್ಯರು ಸುತ್ತು ಬಂದಾಗ ಅಳುಕುತ್ತಲೇ ಒಂದು ಕೂಸಿನ ಬಟ್ಟೆ ಬಿಚ್ಚಿ ತೋರಿಸಿದಳು. ಮೈಯೆಲ್ಲ ತಿಳಿಯಾಗಿತ್ತು, ಒಂದು ಮೂಲೆ ಮಾತ್ರ ಗಾಢ ಹಳದಿ. ಔಷಧ ಏನಾದರೂ ಬಳಿದಿದ್ದಾರೋ ಎಂದು ವೈದ್ಯರಿಗೆ ಅನುಮಾನ. ಬಳಿದಿರಲಿಲ್ಲ. ಹೊದಿಕೆಯ ತುದಿ ಬಿದ್ದು ಬಿಸಿಲು ತಾಗದ ಜಾಗ ಅದು. ಅವಳು ಆ ಜಾಗ ಹಳದಿಯಾಯಿತು ಎಂದು ಹೇಳಲಿಲ್ಲ, ಉಳಿದ ಮೈ ತಿಳಿಯಾಯಿತು ಎಂದು ಕಂಡುಕೊಂಡಿದ್ದಳು. ಸ್ವಲ್ಪ ದಿನಕ್ಕೆ, ಬಿಸಿಲು ಬೀಳುವ ಕಿಟಕಿಯ ಬಳಿ ಮರೆತು ಬಿಟ್ಟ ಒಂದು ಕಾಮಾಲೆ ರಕ್ತದ ನಳಿಕೆಯಲ್ಲಿ ಬಿಲಿರುಬಿನ್ ಲೆಕ್ಕಕ್ಕಿಂತ ತೀರಾ ಕಡಿಮೆ ಬಂತು. ಇನ್ನೊಬ್ಬರಾಗಿದ್ದರೆ ಮಾದರಿ ಕೆಟ್ಟಿತೆಂದು ಚೆಲ್ಲುತ್ತಿದ್ದರು. ಕ್ರೆಮರ್, ಪೆರಿಮನ್, ರಿಚರ್ಡ್ಸ್ ಎಂಬ ಮೂವರು ಈ ಎರಡು ತುಣುಕುಗಳನ್ನು ಜೋಡಿಸಿ, ತೊಟ್ಟಿಲ ಮೇಲೆ ನೀಲಿ ಟ್ಯೂಬ್‌ಲೈಟುಗಳನ್ನು ಸಾಲಾಗಿ ಕಟ್ಟಿ, 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಹೆಂಚಿನ ಮಾಡಿನಂತೆ ಮಡಚಿಕೊಂಡ ಆ ಅಣು ನೆನಪಿದೆಯಲ್ಲ? 460ರಿಂದ 490 ನ್ಯಾನೊಮೀಟರಿನ ನೀಲಿ ಬೆಳಕು ಚರ್ಮದಲ್ಲಿರುವ ಬಿಲಿರುಬಿನ್ನಿಗೆ ತಾಗಿದಾಗ ಅದರ ಒಂದು ಕೀಲು ತಿರುಗುತ್ತದೆ. ಒಳಗೆ ಕಟ್ಟಿದ್ದ ತುದಿಗಳು ಬಿಚ್ಚಿಕೊಳ್ಳುತ್ತವೆ. ಈಗ ಅದು ನೀರಿನಲ್ಲಿ ಕರಗಿ, ಎಳೆಯ ಲಿವರಿನ ಕಿಣ್ವವನ್ನು ಕಾಯದೆ, ಪಿತ್ತದಲ್ಲಿ ಮೂತ್ರದಲ್ಲಿ ಹೊರಟುಹೋಗುತ್ತದೆ. ಯಾವ ಮಡಿಕೆಯಿಂದ ಅದು ಮಿದುಳಿಗೆ ನುಸುಳಿತೋ ಆ ಮಡಿಕೆಯನ್ನು ಬೆಳಕು ಬಿಡಿಸುತ್ತದೆ. ಸೂಜಿಯಿಲ್ಲ, ಮಾತ್ರೆಯಿಲ್ಲ.

ಹಾಗಾದರೆ ಅಜ್ಜಿ ಹೇಳುವ ಎಳೆಬಿಸಿಲು ಸರಿಯಲ್ಲವೇ ಎಂದು ಕೇಳುತ್ತೀರಿ. ಹತ್ತು ನಿಮಿಷದ ಎಳೆಬಿಸಿಲಲ್ಲಿ, ಬಟ್ಟೆ ಸುತ್ತಿದ ಮೈಗೆ ಬೀಳುವ ನೀಲಿ ಬೆಳಕು ಏರುತ್ತಿರುವ ಬಿಲಿರುಬಿನ್ನನ್ನು ತಡೆಯಲಿಕ್ಕೆ ಸಾಲದು. ಗಂಟೆಗಟ್ಟಲೆ ಬರಿಮೈಯಲ್ಲಿ ಇಟ್ಟರೆ ಅತಿನೇರಳೆ ಕಿರಣ, ಬಿಸಿ, ಚಳಿ ಎಲ್ಲದರ ಅಪಾಯ. ಬಿಸಿಲನ್ನೇ ಪಳಗಿಸಬಹುದೇ ಎಂದು ಹೊರಟವರೂ ಇದ್ದಾರೆ. ನೈಜೀರಿಯಾದಲ್ಲಿ ಟೀನಾ ಸ್ಲಶರ್ ಮತ್ತು ಸಂಗಡಿಗರು, ಕೆಟ್ಟ ಕಿರಣಗಳನ್ನು ತಡೆದು ನೀಲಿಯನ್ನು ಬಿಡುವ ಹಾಳೆಯ ಚಪ್ಪರ ಹಾಕಿ, ಅದರಡಿ ದಾದಿಯರ ಕಣ್ಗಾವಲಿನಲ್ಲಿ ಕೂಸುಗಳನ್ನು ಮಲಗಿಸಿದರು. ಕರೆಂಟಿನ ದೀಪಕ್ಕೆ ಅದು ಕಡಿಮೆಯಿಲ್ಲವೆಂದು 2015ರಲ್ಲಿ ಸಾಬೀತಾಯಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶ್ವೇತಕ್ ಪಟೇಲರ ತಂಡ ಮೊಬೈಲ್ ಕ್ಯಾಮೆರಾದಿಂದ ಚರ್ಮದ ಹಳದಿಯನ್ನು ಅಳೆಯುವ ಬಿಲಿಕ್ಯಾಮ್ ತಯಾರಿಸಿತು. ಹುಬ್ಬಳ್ಳಿಯಲ್ಲೋ ಸುರತ್ಕಲ್ಲಿನಲ್ಲೋ ಎಲೆಕ್ಟ್ರಾನಿಕ್ಸ್ ಓದುತ್ತಿರುವವರೇ, ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇನ್ನೊಂದು ಲೈನ್ ಫಾಲೋವರ್ ರೋಬೋಟ್ ಬೇಕೇ? ನಮ್ಮ ಮೈಬಣ್ಣದ ಮೇಲೆ ಹಳದಿಯನ್ನು ಕಣ್ಣಳತೆಯಲ್ಲಿ ಗುರುತಿಸುವುದು ಅನುಭವಸ್ಥ ವೈದ್ಯರಿಗೂ ಕಷ್ಟ. ಕರೆಂಟು ಹೋದಾಗಲೂ ಉರಿಯುವ, ದೂಳಿಗೆ ಮಂಕಾಗದ, ಬೆಳಕಿನ ತೀವ್ರತೆ ಇಳಿದರೆ ತಾನೇ ಕೂಗಿ ಹೇಳುವ ದೀಪ ಇನ್ನೂ ಎಷ್ಟೋ ಆಸ್ಪತ್ರೆಗಳಿಗೆ ಬೇಕು.

ಇಂಜಿನಿಯರೂ ಅಲ್ಲ, ವೈದ್ಯರೂ ಅಲ್ಲ ಎನ್ನುವವರಿಗೆ ತೋಳಂತೂ ಇದೆ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಹದಿನಾಲ್ಕನೇ ವಯಸ್ಸಿನಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾಗಿ ಬೇರೆಯವರ ರಕ್ತದಿಂದ ಬದುಕಿದ ಹುಡುಗ. ಹದಿನೆಂಟು ತುಂಬಿದೊಡನೆ 1954ರಲ್ಲಿ ರಕ್ತದಾನ ಶುರುಮಾಡಿದರು. ಆರ್‌ಎಚ್ ನೆಗೆಟಿವ್ ತಾಯಂದಿರ ದೇಹ ಮುಂದಿನ ಕೂಸಿನ ರಕ್ತಕಣಗಳನ್ನು ಒಡೆಯದಂತೆ ತಡೆಯುವ ಆ್ಯಂಟಿ-ಡಿ ಚುಚ್ಚುಮದ್ದಿಗೆ ಬೇಕಾದ ಅಪರೂಪದ ಪ್ರತಿಕಾಯ ಅವರ ರಕ್ತದಲ್ಲಿ ಸಿಕ್ಕಿತು. 2018ರಲ್ಲಿ ವಯಸ್ಸಿನ ಮಿತಿ ಬಂದು ನಿಲ್ಲಿಸುವವರೆಗೆ 1173 ಸಲ ದಾನ ಮಾಡಿದರು. ಸೂಜಿ ಕಂಡರೆ ಭಯವಂತೆ, ಪ್ರತಿ ಸಲವೂ ಮುಖ ಆಚೆ ತಿರುಗಿಸಿ ಕೂರುತ್ತಿದ್ದರು. ನಿಮ್ಮ ರಕ್ತದ ಗುಂಪು ನಿಮಗೆ ಗೊತ್ತೇ? ನೀವು ಆರ್‌ಎಚ್ ನೆಗೆಟಿವ್ ಹುಡುಗಿಯಾಗಿದ್ದರೆ ಇಂದೇ ಡೈರಿಯಲ್ಲಿ ಬರೆದಿಡಿ: ಗರ್ಭಿಣಿಯಾದಾಗ ಮೊದಲ ಭೇಟಿಯಲ್ಲೇ ಇದನ್ನು ವೈದ್ಯರಿಗೆ ಹೇಳಬೇಕು, ಕೂಸು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಆ ಚುಚ್ಚುಮದ್ದು ಬೇಕು, ಗರ್ಭಪಾತವಾದರೂ ವಿಚಾರಿಸಲೇಬೇಕು. ಇನ್ನೊಂದು ಲೆಕ್ಕ. ಮೂರು ಕಿಲೋ ತೂಕದ ಕೂಸಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 240 ಮಿಲಿಲೀಟರ್. ಕಾಲೇಜಿನ ಶಿಬಿರದಲ್ಲಿ ನೀವು ಕೊಡುವುದು 350. ಬೆಳಕಿಗೆ ಬಗ್ಗದಷ್ಟು ಬಿಲಿರುಬಿನ್ ಏರಿದಾಗ ಕೂಸಿನ ರಕ್ತವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ದಾನಿಯ ರಕ್ತ ತುಂಬುವುದೊಂದೇ ದಾರಿ.

ಇನ್ನು ಬಾಣಂತಿ ಕೋಣೆಗೆ ಹೋಗೋಣ. ಕಿಟಕಿ ಮುಚ್ಚಿದೆ, ಸಾಂಬ್ರಾಣಿ ಹೊಗೆ ತುಂಬಿದೆ, ಹದಿನೈದು ವ್ಯಾಟಿನ ಹಳದಿ ಬಲ್ಬು. ಕೂಸಿಗೆ ಎಣ್ಣೆ ಅರಿಶಿನ ಹಚ್ಚಿ ನೀರೆರೆದಿದ್ದಾರೆ. ಇಷ್ಟೆಲ್ಲ ಹಳದಿಯ ನಡುವೆ ಆ ಇನ್ನೊಂದು ಹಳದಿ ಕಾಣುವುದಾದರೂ ಹೇಗೆ? ಅಜ್ಜಿಯ ಮೇಲೆ ರೇಗಬೇಡಿ. ಐದಾರು ಮಕ್ಕಳನ್ನು ಸಾಕಿದ ಕೈ ಅದು. ಮೆಲ್ಲಗೆ ಕಿಟಕಿ ತೆರೆದು ಹಗಲು ಬೆಳಕಿನಲ್ಲಿ ಕೂಸಿನ ಹಣೆಯನ್ನು ಬೆರಳಿನಿಂದ ಮೃದುವಾಗಿ ಒತ್ತಿ ಬಿಡಿ, ಒತ್ತಿದ ಜಾಗ ಯಾವ ಬಣ್ಣಕ್ಕಿದೆ ನೋಡಿ. ಆಮೇಲೆ ಎದೆ, ಹೊಟ್ಟೆ, ಮೊಣಕಾಲು, ಅಂಗಾಲು. ಒಸಡು ನೋಡಿ, ಕಣ್ಣಿನ ಬಿಳಿ ನೋಡಿ. ಟ್ರಂಕಿನಿಂದ ತೆಗೆದ ಹಳೆಯ ಕುಲಾವಿಗೆ ನುಸಿಗುಳಿಗೆಯ ವಾಸನೆ ಇದ್ದರೆ ಕೂಸಿಗೆ ತೊಡಿಸಲು ಬಿಡಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಆ ನ್ಯಾಫ್ತಲೀನ್ ರಕ್ತಕಣಗಳನ್ನು ಸಟಸಟನೆ ಒಡೆಯುತ್ತದೆ. ಮೊದಲ ದಿನದ ಗಟ್ಟಿ ಹಾಲನ್ನು ಹಿಂಡಿ ಚೆಲ್ಲಿ ಜೇನು ನೆಕ್ಕಿಸುವುದನ್ನು ತಡೆಯಿರಿ. ಆ ಹಾಲು ಹೊಟ್ಟೆಯ ಕಪ್ಪು ಮಲವನ್ನು ತಳ್ಳದಿದ್ದರೆ ಅದರಲ್ಲಿರುವ ಬಿಲಿರುಬಿನ್ ಮರಳಿ ರಕ್ತ ಸೇರುತ್ತದೆ. ಇನ್ನು ಬರೆ ಹಾಕಿಸುವ ಮಾತು ಯಾರಾದರೂ ಎತ್ತಿದರೆ ಬಾಗಿಲಿಗೆ ಅಡ್ಡ ನಿಲ್ಲಿ, ಅಲ್ಲಿ ವಿನಯ ಬೇಕಿಲ್ಲ.

ಹುಟ್ಟಿದ 24 ಗಂಟೆಯೊಳಗೇ ಹಳದಿ ಕಂಡರೆ, ಹಳದಿ ಹೊಟ್ಟೆ ದಾಟಿ ಕಾಲಿಗೆ ಇಳಿದರೆ, ಕೂಸು ಮೊಲೆ ಹಿಡಿಯದೆ ಮಂಕಾಗಿ ಮಲಗಿದರೆ, ಅಳು ಕೀರಲಾದರೆ, ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಆಶಾ ಕಾರ್ಯಕರ್ತೆ ಮೂರನೇ ದಿನ, ಏಳನೇ ದಿನ ಮನೆಗೆ ಬರಬೇಕು. ಬರದಿದ್ದರೆ ನೀವೇ ಹೋಗಿ ಕರೆತನ್ನಿ. ಸರ್ಕಾರಿ ಆಸ್ಪತ್ರೆಯಲ್ಲಿ ನವಜಾತ ಶಿಶುವಿನ ಚಿಕಿತ್ಸೆಗೆ ಹಣವಿಲ್ಲ. ಅಲ್ಲಿ ಯಾರಾದರೂ ಬರಿಗಣ್ಣಿನಲ್ಲಿ ನೋಡಿ ಪರವಾಗಿಲ್ಲ ಅಂದರೆ, ಬಿಲಿರುಬಿನ್ ಎಷ್ಟಿದೆ ಎಂದು ಸಂಖ್ಯೆ ಕೇಳಿ. ಸಂಖ್ಯೆಯ ಜೊತೆ ಕೂಸು ಹುಟ್ಟಿ ಎಷ್ಟು ಗಂಟೆಯಾಯಿತೆಂದು ಹೇಳಿ. 1999ರಲ್ಲಿ ವಿನೋದ್ ಭುಟಾನಿ ಮತ್ತು ಸಂಗಡಿಗರು 2840 ಶಿಶುಗಳ ರಕ್ತ ಅಳೆದು ತೋರಿಸಿದ್ದು ಇದನ್ನೇ: 30 ಗಂಟೆಯ ಕೂಸಿಗೆ ಅಪಾಯವಾದ ಸಂಖ್ಯೆ 90 ಗಂಟೆಯ ಕೂಸಿಗೆ ಮಾಮೂಲಿಯಾಗಿರಬಹುದು. ದಿನದ ಲೆಕ್ಕ ಸಾಲದು, ಗಂಟೆಯ ಲೆಕ್ಕ ಬೇಕು. ಹುಟ್ಟಿದ ಗಳಿಗೆಯನ್ನು ಜಾತಕಕ್ಕಾಗಿ ನಿಮಿಷ ಬಿಡದೆ ಬರೆದಿಟ್ಟುಕೊಳ್ಳುವ ಜನ ನಾವು. ಆ ಚೀಟಿ ಇಲ್ಲಿಯೂ ಉಪಯೋಗಕ್ಕೆ ಬರಲಿ.

ರಾತ್ರಿ ಒಂಬತ್ತೂವರೆ. ಅಕ್ಕ ನಿದ್ದೆಗಣ್ಣಿನಲ್ಲಿದ್ದಾಳೆ. ಕೂಸು ಮಧ್ಯಾಹ್ನದಿಂದ ಸರಿಯಾಗಿ ಹಾಲು ಕುಡಿದಿಲ್ಲ. ಪುಣ್ಯಾತ್ಗಿತ್ತಿ, ಒಳ್ಳೆ ನಿದ್ದೆ ಮಾಡ್ತಿದೆ, ಎಬ್ಬಿಸಬೇಡಿ ಅಂತಾರೆ ಯಾರೋ. ನೀವು ಮೊಬೈಲಿನ ಟಾರ್ಚ್ ಹಚ್ಚಿ ಹೊಟ್ಟೆಯ ಮೇಲೆ ಬೆರಳಿಟ್ಟು ಒತ್ತುತ್ತೀರಿ.

"ಅಜ್ಜಿ, ಬಿಸಿಲು ಬರೋದು ಇನ್ನು ನಾಳೆ. ಈಗ್ಲೇ ಹೋಗಿ ರಕ್ತ ತೋರಿಸ್ಕೊಂಡು ಬಂದ್ಬಿಡೋಣ. ನಾನೇ ಎತ್ಕೋತೀನಿ."

"ಈ ಹೊತ್ತಲ್ಲಿ ಬಾಣಂತೀನ ಹೊರಗೆ ಕರ್ಕೊಂಡು ಹೋಗ್ತಾರೇನೋ?"

"ಕಿವಿಗೆ ಹತ್ತಿ ಇಟ್ಟು, ಶಾಲು ಹೊದಿಸಿ ಕಳ್ಸಿ ಅಜ್ಜಿ. ಗಾಡಿ ಬಂತು."